ಕ್ರಿಸ್‌ಮಸ್ಸಿಗೊಂದು ಕುಕ್ಕರಿನ ರಬ್ಬರು

ಮಗಳು ಬೆಂಗಳೂರಿನಿಂದ ಫೋನ್ ಮಾಡಿ, "ಅವ್ವಾ, ಈ ಸಲ ಕ್ರಿಸ್‌ಮಸ್ಸಿಗೆ ನಿನಗೇನು ತರ್ಲಿ?" ಎಂದು ಕೇಳಿದಾಗ ನಾನು ಒಲೆಯ ಮುಂದೆ ನಿಂತಿದ್ದೆ. ಬ್ಯಾಳಿ ಇಟ್ಟಿದ್ದ ಕುಕ್ಕರು ಸೀಟಿ ಹೊಡೆಯದೆ ಮುಚ್ಚಳದ ಅಂಚಿನಿಂದ ಉಗಿ ಬಿಡುತ್ತಿತ್ತು. ಕಣ್ಣ ಮುಂದೆ ಇದ್ದದ್ದನ್ನೇ ಹೇಳಿದೆ: "ಐದು ಲೀಟರಿನ ಕುಕ್ಕರಿಗೆ ಒಂದು ರಬ್ಬರು ತಾ." ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದೇನು ಉಡುಗೊರಿ ಏನವ್ವಾ? ಹಬ್ಬಕ್ಕ ತಾಯಿಗೆ ಯಾರರ ರಬ್ಬರು ಕೊಡ್ತಾರೇನು?" ಅಂದಳು. ದನಿ ಸಣ್ಣದಾಗಿತ್ತು. ಆಕೆಗೆ ನೋವಾಗಿದೆ ಎಂದು ಫೋನ್ ಇಟ್ಟ ಮೇಲೆ ತಿಳಿಯಿತು.

ನಾಲ್ಕು ದಿನ ಅದೇ ಮಾತು ತಲೆಯಲ್ಲಿ ಉಳಿಯಿತು. ನಾನು ಕೇಳಿದ್ದು ತಪ್ಪೇ? ದೇವರು ಲೆಕ್ಕವಿಲ್ಲದೆ ಕೊಟ್ಟದ್ದನ್ನು ನೆನೆಯುವ ಹಬ್ಬ ಅದು. ಕೃಪೆ ಎಂದರೆ ನಮಗೆ ಅಳತೆ ಇಲ್ಲದ್ದು. ಅಂಥ ದಿನ ಗ್ಯಾಸು ಎಷ್ಟು ಉಳಿದೀತು, ಇದು ಎಷ್ಟು ವರ್ಷ ಬಾಳಿಕೆ ಬಂದೀತು ಎಂದು ಎಣಿಸುತ್ತ ಉಡುಗೊರೆ ಆರಿಸುವುದು ಭಕ್ತಿಗೆ ಸಲ್ಲುವ ನಡತೆಯೇ, ಅಲ್ಲವೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ನಾನು ಹುಟ್ಟಿದ ಮನೆಯಲ್ಲಿ ಇದೇ ಪ್ರಶ್ನೆಗೆ ಒಂದು ಕ್ರಿಸ್‌ಮಸ್ಸಿನಲ್ಲಿ ಗಂಡ ಹೆಂಡತಿ ನಡುವೆ ಮಾತು ನಿಂತಿತ್ತು.

ನನ್ನ ತವರು ಗುಳೇದಗುಡ್ಡ. ಕೊಟ್ಟ ಊರು ಬೀಳಗಿ ತಾಲ್ಲೂಕಿನ ಬಾಡಗಂಡಿ. ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು, ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ನೇಕಾರರ ಊರಾದ ಗುಳೇದಗುಡ್ಡದಲ್ಲಿ ನೆಲೆ ಮಾಡಿದ್ದು 1851ರಲ್ಲಿ. ನಮ್ಮ ಮನೆತನ ಆ ಸಭೆಯದು. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕುಪ್ಪಸದ ಖಣ ನೇಯುತ್ತಿದ್ದ. ಗುಳೇದಗುಡ್ಡದ ಖಣ ಎಂದರೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಬೇರೆ ಹೇಳಬೇಕಿಲ್ಲ. ಮಹಾರಾಷ್ಟ್ರದವರೂ ಹುಡುಕಿಕೊಂಡು ಬಂದು ಒಯ್ಯುತ್ತಾರೆ. ನೂಲು ಸಾವಕಾರರದು, ನೇಯ್ದ ಖಣವೂ ಸಾವಕಾರರದು, ಅಪ್ಪನದು ಮಜೂರಿ ಮಾತ್ರ.

ಅಪ್ಪನಿಗೆ ಕ್ರಿಸ್‌ಮಸ್ಸಿನ ಬಗ್ಗೆ ಒಂದು ಕಟ್ಟಳೆ ಇತ್ತು. ವರ್ಷಕ್ಕೊಮ್ಮೆ ಮನೆಗೆ ಒಂದು ವಸ್ತು ತರಬೇಕು, ಅದು ಮನೆಯ ಒಂದು ಖರ್ಚು ಕಡಿಮೆ ಮಾಡಬೇಕು. ಮಣ್ಣಿನ ಹಂಚು ತಿಂಗಳಿಗೊಂದು ಒಡೆಯುತ್ತದೆ ಎಂದು ಒಂದು ವರ್ಷ ಕಬ್ಬಿಣದ ಹಂಚು ತಂದ. ಇನ್ನೊಂದು ವರ್ಷ ಜೋಳಕ್ಕೆ ನುಸಿ ಬೀಳುತ್ತದೆ ಎಂದು ತಗಡಿನ ಡಬ್ಬಿ. 1978ರಲ್ಲಿ ಕುಕ್ಕರು. ಅದಕ್ಕಾಗಿ ಅವನು ಎಂಟು ತಿಂಗಳು ಚಹಾ ಬಿಟ್ಟಿದ್ದ. ಬೆಳಿಗ್ಗೆ ಆರಾಧನೆ ಮುಗಿಸಿ ಬಂದು, ಕಾಗದದ ಪೆಟ್ಟಿಗೆ ಬಿಚ್ಚಿ, ಅವ್ವನ ಮುಂದೆ ಇಟ್ಟ. ಅವ್ವ ಅದರಲ್ಲೇ ಅಂದಿನ ಅನ್ನ ಮಾಡಿದಳು, ಎಲ್ಲರಿಗೂ ಬಡಿಸಿದಳು, ಮಾತಾಡಲಿಲ್ಲ. ಮರುದಿನವೂ ಮಾತಾಡಲಿಲ್ಲ. ಹೊಸ ವರ್ಷದ ಆರಾಧನೆ ಕಳೆದ ಮೇಲೆ ಒಂದೇ ಮಾತು ಅಂದಳು: "ನೀ ಊರಿಗೆಲ್ಲಾ ಖಣ ನೇಯ್ತಿ. ನನ್ನ ಮೈಮ್ಯಾಗ ಒಂದರ ಐತೇನ ನೋಡು."

ನಿಜ. ಮನೆಯ ಮಗ್ಗದಿಂದ ವರ್ಷಕ್ಕೆ ನೂರಾರು ಖಣ ಇಳಿಯುತ್ತಿದ್ದವು, ತೇರಿನ ಖಣ, ಆನೆಹೆಜ್ಜೆಯ ಖಣ. ಅವ್ವನ ಕುಪ್ಪಸ ಮಾತ್ರ ಮಿಲ್ಲಿನ ಸಾದಾ ಅರಿವೆಯದು. ಮುಂದಿನ ಕ್ರಿಸ್‌ಮಸ್ಸಿಗೆ ಅಪ್ಪ ತಾನೇ ನೇಯ್ದ ಒಂದು ಖಣವನ್ನು ಮಜೂರಿಯಲ್ಲಿ ಮುರಿಸಿಕೊಂಡು ಸಾವಕಾರರಿಂದ ಕೊಂಡು ತಂದ. ರೇಶಿಮೆಯ ಖಣ, ಕೆಂಪು ಅಂಚು, ನಡುವೆ ಸಣ್ಣ ಸಣ್ಣ ತೇರು. ಅದನ್ನು ಹೊಲಿಸಿಕೊಂಡು ಅವ್ವ ಚರ್ಚಿಗೆ ಹೋದಾಗ ಎರಡನೆಯ ಸಾಲಿನಲ್ಲಿ ಕೂತಳು. ಆಕೆ ಯಾವಾಗಲೂ ಕೂರುತ್ತಿದ್ದದ್ದು ಹಿಂದಿನ ಗೋಡೆಯ ಬಳಿ.

ಈ ಕತೆಯಿಂದ ಕುಕ್ಕರು ತಪ್ಪು, ಖಣ ಸರಿ ಎಂದು ತೀರ್ಮಾನಿಸಿದರೆ ಅಪ್ಪನಿಗೆ ಅನ್ಯಾಯವಾದೀತು. ಆ ಕುಕ್ಕರು ಇಪ್ಪತ್ತಾರು ವರ್ಷ ನಡೆಯಿತು. ಸೌದೆಗೆ ಹೋಗುತ್ತಿದ್ದ ದುಡ್ಡಿನಲ್ಲಿ ನನ್ನ ಟಿ.ಸಿ.ಎಚ್. ಓದಿನ ಫೀಸು ಹುಟ್ಟಿತು. ನಾನು ಶಿಕ್ಷಕಿಯಾದದ್ದರಲ್ಲಿ ಆ ಕುಕ್ಕರಿನ ಪಾಲಿದೆ. ಆದರೂ ಅವ್ವನ ಮೌನದಲ್ಲಿ ಒಂದು ಸತ್ಯ ಇತ್ತು, ಅದನ್ನು ಬೈಬಲಿನಲ್ಲಿ ಗುರುತಿಸಲು ನನಗೆ ಬಹಳ ವರ್ಷ ಬೇಕಾಯಿತು.

ಯೋಹಾನನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಬೇಥಾನ್ಯದ ಊಟದ ಪ್ರಸಂಗ ಬರುತ್ತದೆ. ಮರಿಯಳು ಬಹು ಬೆಲೆಯ ಜಟಾಮಾಂಸಿ ತೈಲವನ್ನು ಯೇಸುವಿನ ಪಾದಕ್ಕೆ ಸುರಿದು ತನ್ನ ಕೂದಲಿನಿಂದ ಒರೆಸುತ್ತಾಳೆ. ಶಿಷ್ಯರಲ್ಲಿ ಒಬ್ಬನಾದ ಯೂದನು ಕೂಡಲೇ ಲೆಕ್ಕ ಹಾಕುತ್ತಾನೆ: ಇದನ್ನು ಮಾರಿದ್ದರೆ 300 ನಾಣ್ಯ ಬರುತ್ತಿತ್ತು, ಬಡವರಿಗೆ ಕೊಡಬಹುದಿತ್ತು. ಒಂದು ನಾಣ್ಯ ಅಂದಿನ ಒಂದು ದಿನದ ಕೂಲಿ. ಅಂದರೆ ಹೆಚ್ಚೂಕಡಿಮೆ ಒಂದು ವರ್ಷದ ದುಡಿಮೆ ನೆಲಕ್ಕೆ ಹರಿದು ಹೋಯಿತು. ಯೂದನ ಲೆಕ್ಕದಲ್ಲಿ ಒಂದು ದಿನದ ಕೂಲಿಯಷ್ಟೂ ತಪ್ಪಿಲ್ಲ. ಯೇಸು ಆಕೆಯನ್ನು ಬಿಟ್ಟುಬಿಡು ಎನ್ನುತ್ತಾನೆ, ಬಡವರು ಯಾವಾಗಲೂ ನಿಮ್ಮ ಬಳಿ ಇರುತ್ತಾರೆ ಎಂದೂ ಹೇಳುತ್ತಾನೆ. ಈ ಕಡೆಯ ಮಾತನ್ನು ಬಡವರ ಬಗ್ಗೆ ಕೈಚೆಲ್ಲಿ ಕೂರಲು ಬಳಸುವವರನ್ನು ಕಂಡಿದ್ದೇನೆ. ಅದು ಧರ್ಮೋಪದೇಶಕಾಂಡದ ಹದಿನೈದನೆಯ ಅಧ್ಯಾಯವನ್ನು ನೆನಪಿಸುವ ಮಾತು. ಅಲ್ಲಿ ಬಡವರು ಇದ್ದೇ ಇರುತ್ತಾರೆ, ಆದ್ದರಿಂದ ಕೈ ಬಿಚ್ಚಿ ಕೊಡಬೇಕು ಎಂಬ ಕಟ್ಟಳೆ ಇದೆ.

ನನಗೆ ಅಲ್ಲಿ ಕಾಣುವುದು ಇಷ್ಟು. ತೈಲ ಮರಿಯಳದು. ಎಣಿಸುವುದಿದ್ದರೆ ಆಕೆ ಎಣಿಸಬೇಕಿತ್ತು. ಇನ್ನೊಬ್ಬರ ಕೈಯ ಉಡುಗೊರೆಗೆ ಪಕ್ಕದಲ್ಲಿ ಕೂತು ಬೆಲೆ ಕಟ್ಟಿದ್ದು ಯೂದನ ತಪ್ಪು. ಅಪ್ಪ ತನ್ನ ಚಹಾ ಬಿಟ್ಟು ಲೆಕ್ಕ ಹಾಕಿದ, ಅದು ಅವನ ಹಕ್ಕು. ಆದರೆ ಅವ್ವನ ಆಸೆಯನ್ನೂ ಅವನೇ ಲೆಕ್ಕ ಹಾಕಿ ಮುಗಿಸಿಬಿಟ್ಟಿದ್ದ. ಕೊಡುವವರು ತಮ್ಮ ಕಡೆಯ ಲೆಕ್ಕವನ್ನು ಎಷ್ಟು ಬಿಗಿಯಾಗಿ ಬೇಕಾದರೂ ಹಾಕಿಕೊಳ್ಳಲಿ. ತೆಗೆದುಕೊಳ್ಳುವವರ ಕಡೆಯ ಲೆಕ್ಕ ಅವರಿಗೇ ಬಿಟ್ಟದ್ದು.

ಹಾಗಾದರೆ ಉಳಿತಾಯದ ಉಡುಗೊರೆ ಕ್ರಿಸ್‌ಮಸ್ಸಿಗೆ ಹೊಂದುತ್ತದೆಯೇ? ಲೂಕನ ಎರಡನೆಯ ಅಧ್ಯಾಯ ತೆಗೆದು ನೋಡಿ. ಹುಟ್ಟಿದ ಕೂಸಿಗೆ ಮೊದಲು ಸಿಕ್ಕ ವಸ್ತುಗಳು ಎರಡೇ: ಸುತ್ತಲು ಬಟ್ಟೆ, ಮಲಗಿಸಲು ಗೋದಲಿ. ಪಟ್ಟಣದ ಚರ್ಚುಗಳಲ್ಲಿ ಗೋದಲಿಯನ್ನು ಥರ್ಮಾಕೋಲಿನಲ್ಲಿ ಮಾಡಿ ಮಿಣುಕು ದೀಪ ಹಾಕುತ್ತಾರೆ, ಅದೂ ಚೆಂದವೇ. ನಮ್ಮ ಕಡೆಯವರಿಗೆ ಗ್ವಾದಲಿ ದಿನನಿತ್ಯದ ವಸ್ತು. ನಮ್ಮ ಹಿತ್ತಲಿನ ಗ್ವಾದಲಿಯ ಕಲ್ಲು ಎತ್ತುಗಳ ನಾಲಗೆ ತಾಗಿ ತಾಗಿ ನುಣುಪಾಗಿದೆ. ಮೂಲೆಯಲ್ಲಿ ಕಣಕಿಯ ಪುಡಿ, ಒಂದು ಕಡೆ ಹಿಂಡಿಯ ವಾಸನೆ. ಹಸುಗೂಸನ್ನು ಅದರಲ್ಲಿ ಮಲಗಿಸಬೇಕಾದರೆ ತಾಯಿ ಮೊದಲು ಕೈಯಿಂದ ಬಳಿದು ತೆಗೆಯಬೇಕು. ನಾಲ್ವತ್ತು ದಿನದ ಮೇಲೆ ಆ ಕೂಸನ್ನು ದೇವಾಲಯಕ್ಕೆ ಒಯ್ದಾಗ ತಾಯಿತಂದೆ ಕೊಟ್ಟ ಕಾಣಿಕೆ ಒಂದು ಜೋಡಿ ಹಕ್ಕಿ. ಯಾಜಕಕಾಂಡದ ಹನ್ನೆರಡನೆಯ ಅಧ್ಯಾಯದ ನಿಯಮ ಕುರಿಮರಿಯನ್ನು ಕೇಳುತ್ತದೆ, ಕುರಿಮರಿ ಕೊಡುವಷ್ಟು ಗತಿ ಇಲ್ಲದವರು ಹಕ್ಕಿ ಕೊಡಬಹುದು ಎನ್ನುತ್ತದೆ. ಯೋಸೇಫ ಮರಿಯರು ತಮ್ಮ ಕೈಚೀಲ ನೋಡಿಕೊಂಡೇ ಕಾಣಿಕೆ ಆರಿಸಿದರು. ದೇವರ ಮುಂದೆ ಅದು ಕಡಿಮೆಯಾಗಲಿಲ್ಲ.

ಆಮೇಲೆ ಮೂಡಣ ದಿಕ್ಕಿನ ಜೋಯಿಸರ ಚಿನ್ನ, ಧೂಪ, ರಕ್ತಬೋಳ. ಅವರು ಹೋದ ಮೇಲೆ ಹೆರೋದನಿಗೆ ಹೆದರಿ ಆ ಸಂಸಾರ ರಾತ್ರೋರಾತ್ರಿ ಐಗುಪ್ತಕ್ಕೆ ಓಡಬೇಕಾಯಿತು. ಆ ಚಿನ್ನ ದಾರಿಯ ಖರ್ಚಿಗಾಯಿತು ಎಂದು ನಮ್ಮ ಸಭಾಪಾಲಕರೊಬ್ಬರು ಹೇಳುತ್ತಿದ್ದರು. ಮತ್ತಾಯ ಹಾಗೆ ಬರೆದಿಲ್ಲ. ಪರದೇಶದಲ್ಲಿ ಬಡಗಿಯ ಸಂಸಾರ ಏನು ತಿಂದಿತು ಎಂದು ಯೋಚಿಸಿದಾಗ ನನಗೂ ಆ ಮಾತು ನಂಬಬೇಕೆನಿಸುತ್ತದೆ.

ಇಷ್ಟೆಲ್ಲ ನಾನು ಒಮ್ಮೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯ ಗುರುಗಳ ಮುಂದೆ ಹೇಳಿದೆ. ಅವರು ಲಿಂಗಾಯತರು, ದಿನಾ ವಚನ ಓದುವವರು. ಕೇಳಿ ಮುಗಿಸಿ ಅವರು ಆಯ್ದಕ್ಕಿ ಮಾರಯ್ಯ ಲಕ್ಕಮ್ಮರ ಕತೆ ತೆಗೆದರು. ಕಲ್ಯಾಣದಲ್ಲಿ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಳಗೆ ಸೇರಿಸಲಿಲ್ಲ, ಹೆಚ್ಚಿನದನ್ನು ತಿರುಗಿ ಸುರಿದು ಬಾ ಎಂದು ಕಳಿಸಿದಳು. "ಟೀಚರ್, ನಾಳಿಗೆ ಅಂತ ಎತ್ತಿಟ್ಟರ ಇಂದಿನ ನಂಬಿಕಿ ಕಡಿಮಿ ಆತು ಅಂತನ ಅರ್ಥ. ನಿಮ್ಮ ಯೇಸುನೂ ಅದನ್ನ ಹೇಳ್ಯಾನಲ್ಲ" ಅಂದರು.

ಹೇಳಿದ್ದಾನೆ. ಭೂಮಿಯ ಮೇಲೆ ಗಂಟು ಮಾಡಿಕೊಳ್ಳಬೇಡಿ, ನುಸಿ ಹಿಡಿಯುತ್ತದೆ, ಕಳ್ಳ ಕನ್ನ ಕೊರೆಯುತ್ತಾನೆ ಎಂಬ ಉಪದೇಶ ಮತ್ತಾಯನ ಆರನೆಯ ಅಧ್ಯಾಯದಲ್ಲಿದೆ. ಅದಕ್ಕಿಂತ ಹಿಂದೆ, ಅರಣ್ಯದಲ್ಲಿ ಇಸ್ರಾಯೇಲರಿಗೆ ಆಕಾಶದಿಂದ ಬಿದ್ದ ಮನ್ನವನ್ನು ನಾಳೆಗೆಂದು ಎತ್ತಿಟ್ಟವರ ಪಾತ್ರೆಯಲ್ಲಿ ಹುಳ ಬಿದ್ದವು. ಗುರುಗಳಿಗೆ ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ. ಮನೆಗೆ ಬಂದು ಅಡುಗೆ ಮಾಡುವಾಗಲೂ ಅದೇ ಯೋಚನೆ. ಕೂಡಲಸಂಗಮ ಇರುವ ಜಿಲ್ಲೆಯಲ್ಲೇ ಬದುಕುವವಳು ನಾನು. ವಚನದ ಪ್ರಶ್ನೆಯನ್ನು ಬೇರೆಯವರ ಧರ್ಮದ್ದು ಎಂದು ಪಕ್ಕಕ್ಕಿಡಲು ನನಗಾಗದು.

ಉತ್ತರ ಸಿಕ್ಕದ್ದು ಯೋಹಾನನ ಆರನೆಯ ಅಧ್ಯಾಯದಲ್ಲಿ. ಐದು ರೊಟ್ಟಿ ಎರಡು ಮೀನಿನಿಂದ ಐದು ಸಾವಿರ ಜನ ಉಂಡು ತೃಪ್ತರಾದರು. ಅಷ್ಟು ಧಾರಾಳವಾಗಿ ಬಡಿಸಿದವನು ಊಟ ಮುಗಿದ ಮೇಲೆ ಶಿಷ್ಯರಿಗೆ ಮಿಕ್ಕ ತುಂಡುಗಳನ್ನು ಕೂಡಿಸಿರಿ, ಏನೂ ಹಾಳಾಗಬಾರದು ಎನ್ನುತ್ತಾನೆ. ಹನ್ನೆರಡು ಪುಟ್ಟಿ ತುಂಬಿದವು. ಬೇಕಾದರೆ ಮತ್ತೆ ಸಾವಿರ ರೊಟ್ಟಿ ಮಾಡಬಲ್ಲವನಿಗೆ ಆ ತುಂಡುಗಳು ಏಕೆ ಬೇಕಿದ್ದವು? ಹುಲ್ಲಿನ ಮೇಲೆ ಬಾಗಿ ತುಂಡು ಆಯುತ್ತಿರುವ ಶಿಷ್ಯರು ಕಣ್ಣಿಗೆ ಬಂದ ಕೂಡಲೇ ಅವರ ಪಕ್ಕದಲ್ಲಿ ಮಾರಯ್ಯನೂ ಬಾಗಿ ನಿಂತದ್ದು ಕಂಡಿತು. ಅವನ ಕಾಯಕವೇ ಬಿದ್ದದ್ದನ್ನು ಆಯುವುದು. ಲಕ್ಕಮ್ಮ ಬೇಡ ಎಂದದ್ದು ಇವತ್ತಿನ ಹಸಿವಿಗೆ ಮಿಕ್ಕಿದ ಅಕ್ಕಿಯನ್ನು ಮಾತ್ರ. ನೆಲಕ್ಕೆ ಚೆಲ್ಲಿದ ಕಾಳನ್ನು ಬಾಗಿ ಎತ್ತುವುದನ್ನು ಆಕೆ ಬೇಡ ಎನ್ನಲಿಲ್ಲ, ಅದರ ಮೇಲೆಯೇ ಆ ದಂಪತಿಯ ದಾಸೋಹ ನಡೆಯುತ್ತಿತ್ತು.

ಅಂದಿನಿಂದ ನನಗೆ ಉಳಿತಾಯ ಎಂಬ ಮಾತಿನಲ್ಲಿ ಎರಡು ಕೆಲಸ ಬೇರೆ ಬೇರೆಯಾಗಿ ಕಾಣುತ್ತವೆ. ಒಂದು ಕೂಡಿಡುವುದು. ಇನ್ನೊಂದು ಸೋರುವುದನ್ನು ನಿಲ್ಲಿಸುವುದು. ಹಳೆಯ ರಬ್ಬರಿನ ಕುಕ್ಕರಿನಿಂದ ಹೋಗುವ ಉಗಿ ಯಾರ ಹೊಟ್ಟೆಗೂ ಸೇರುವುದಿಲ್ಲ, ಯಾರ ಸಂತೋಷಕ್ಕೂ ಸಲ್ಲುವುದಿಲ್ಲ. 14.2 ಕಿಲೋ ಸಿಲಿಂಡರಿನ ಗ್ಯಾಸು ಗಾಳಿಗೆ ಹೋಗುತ್ತದೆ ಅಷ್ಟೇ. ಅದನ್ನು ತಡೆಯುವುದರಲ್ಲಿ ಅಪನಂಬಿಕೆ ಏನಿಲ್ಲ ಎಂದು ಗುರುಗಳಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೋರೋದು ಯಾರ ಮನ್ಯಾಗ ಹೆಚ್ಚು ಅನ್ನೋದನ್ನ ನೋಡ್ರಿ ಹಂಗಾದ್ರ" ಅಂದರು. ಈ ಬರಹದಲ್ಲಿ ಹುರುಳಿದ್ದರೆ ಅದು ಆ ಒಂದು ಮಾತಿನಿಂದ ಬಂದದ್ದು.

ಸೋರುವುದು ಬಡವರ ಮನೆಯಲ್ಲಿ. ನಮ್ಮೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ಅಕ್ಟೋಬರ್ ನವೆಂಬರಿನಲ್ಲಿ ಹಂಗಾಮು ಶುರುವಾದರೆ ಕಬ್ಬಿನ ಟ್ರ್ಯಾಲಿಗಳು ಹಗಲು ರಾತ್ರಿ ಮನೆಯ ಮುಂದೆ ಹಾದುಹೋಗುತ್ತವೆ. ಕಬ್ಬು ಕಡಿಯುವ ಗ್ಯಾಂಗುಗಳು ಬೀಡ ಜಿಲ್ಲೆಯಿಂದ, ವಿಜಯಪುರದ ತಾಂಡಾಗಳಿಂದ ಬಂದು ಹೊಲದ ಬದುವಿನಲ್ಲಿ ಗುಡಿಸಲು ಹಾಕುತ್ತವೆ. ಕಬ್ಬಿನ ರವದಿಯೇ ಸೂರು. ಕ್ರಿಸ್‌ಮಸ್ಸಿನ ಹೊತ್ತಿಗೆ ಚಳಿ ಗಟ್ಟಿಯಾಗಿರುತ್ತದೆ. ಆ ಹೆಣ್ಣುಮಕ್ಕಳು ನಸುಕಿನ ಮೂರಕ್ಕೆ ಎದ್ದು ರೊಟ್ಟಿ ಬಡಿದು, ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ಹೊಲಕ್ಕೆ ನಡೆಯುತ್ತಾರೆ.

ಅವರು ಅಂಗಡಿಗೆ ಬಂದು ಕೊಳ್ಳುವುದನ್ನು ನಾನು ಎಷ್ಟೋ ಸಲ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಇಪ್ಪತ್ತು ರೂಪಾಯಿಯ ಎಣ್ಣೆ, ಐದರ ಚಹಾಪುಡಿ, ಎರಡು ರೂಪಾಯಿಯ ಶಾಂಪೂ ಚೀಟು. ತಿಂಗಳ ಕೊನೆಗೆ ಕೂಡಿಸಿದರೆ ನಾನು ಐದು ಲೀಟರಿನ ಡಬ್ಬಿ ತರುವುದಕ್ಕಿಂತ ಅವರ ಎಣ್ಣೆ ತುಟ್ಟಿ ಬೀಳುತ್ತದೆ. ಅವರಿಗೆ ಲೆಕ್ಕ ಬಾರದು ಎಂದಲ್ಲ, ಅವರು ನನಗಿಂತ ಚೆನ್ನಾಗಿ ಲೆಕ್ಕ ಬಲ್ಲರು. ಒಂದೇ ಸಲಕ್ಕೆ ಡಬ್ಬಿಯ ದುಡ್ಡು ಕೈಯಲ್ಲಿರುವುದಿಲ್ಲ. ಉಳಿಸಬೇಕಾದರೂ ಮೊದಲು ಇಡಿಗಂಟು ಬೇಕು, ಆ ಗಂಟು ಇಲ್ಲದ್ದಕ್ಕೇ ಅವರು ದಿನಾ ಹೆಚ್ಚು ಕೊಡುತ್ತಾರೆ. ಬಹಳ ದಿನ ಬಾಳುವ ಒಂದು ವಸ್ತುವನ್ನು ಅಂಥವರಿಗೆ ಕೊಟ್ಟರೆ ಆ ಇಡಿಗಂಟನ್ನು ಕೊಟ್ಟಂತೆ. ಅನ್ನ ಬಟ್ಟೆ ಇಲ್ಲದವನಿಗೆ ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು ಎಂದು ಹೇಳಿ ಕಳಿಸಿದರೆ ಏನು ಬಂತು ಎಂದು ಯಾಕೋಬನು ತನ್ನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಕೇಳುವ ಪ್ರಶ್ನೆ ನನಗೆ ಪ್ರತಿ ಡಿಸೆಂಬರಿನಲ್ಲಿ ನೆನಪಾಗುತ್ತದೆ.

ಕೊಡುವಾಗ ನಾನೂ ತಪ್ಪಿದ್ದೇನೆ. ನಮ್ಮ ಓಣಿಯ ಒಬ್ಬ ವಿಧವೆಗೆ ಒಂದು ಕ್ರಿಸ್‌ಮಸ್ಸಿಗೆ ಇಂಡಕ್ಷನ್ ಒಲೆ ಕೊಟ್ಟೆ. ಸೌದೆ ಬೇಡ, ಹೊಗೆ ಇಲ್ಲ, ಕರೆಂಟಿನ ಬಿಲ್ಲೂ ಬರುವುದಿಲ್ಲ. 2023ರಲ್ಲಿ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಆಕೆಯ ಮನೆಯ ಬಿಲ್ಲು ಸೊನ್ನೆ. ಎಲ್ಲ ಲೆಕ್ಕ ಸರಿಯಾಗಿದೆ ಎಂದುಕೊಂಡಿದ್ದೆ. ಎರಡು ತಿಂಗಳ ಮೇಲೆ ಹೋದರೆ ಒಲೆ ಪೆಟ್ಟಿಗೆಯೊಳಗೇ ಇತ್ತು, ಮೇಲೆ ದೇವರ ಎಣ್ಣೆ ಬಾಟಲಿ ಇಟ್ಟಿದ್ದಳು. "ಟೀಚರಮ್ಮಾರ, ರೊಟ್ಟಿ ಹೆಂಗ ಬೇಯಸ್ಲಿ ಇದರ ಮ್ಯಾಲ?" ಎಂದಳು. ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ, ಕೊನೆಗೆ ಬೆಂಕಿಗೆ ಒಡ್ಡಿದರೇ ಉಬ್ಬುವುದು. ಆಕೆಯ ಹಂಚು ತಳ ಉಬ್ಬಿದ ಹಳೆಯದು, ಆ ಗಾಜಿನ ಮೇಲೆ ಕೂರದು. ಇನ್ನೊಂದು ಸಂಗತಿ ಆಕೆ ಹೇಳಿದ ಮೇಲೆ ಗೊತ್ತಾಯಿತು. ಗೃಹಜ್ಯೋತಿ ಶುರುವಾದಾಗ ಪುಕ್ಕಟೆ ಕರೆಂಟನ್ನು ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಕೊಡುತ್ತಿದ್ದರು, 200 ಯೂನಿಟ್ ಹೊರಗಿನ ಮಿತಿ. ಒಂದೇ ಬಲ್ಬು ಉರಿಸುತ್ತಿದ್ದವಳ ಸರಾಸರಿ ಎಷ್ಟಿದ್ದೀತು? ದಿನಾ ಆ ಒಲೆ ಹಚ್ಚಿದ್ದರೆ ಸೊನ್ನೆ ಇದ್ದ ಬಿಲ್ಲು ಸೊನ್ನೆಯಾಗಿ ಉಳಿಯುತ್ತಿರಲಿಲ್ಲ. ಕೊಡುವ ಮೊದಲು ಆಕೆಯ ಅಡುಗೆಮನೆಯಲ್ಲಿ ಹತ್ತು ನಿಮಿಷ ಕೂತಿದ್ದರೆ ನನಗೆ ಇದೆಲ್ಲ ತಿಳಿಯುತ್ತಿತ್ತು.

ಕೇಳದೆ ಕೊಡುವ ಉಡುಗೊರೆ ನಮ್ಮ ಸೀಮೆಯಲ್ಲಿ ಬೇಕಾದಷ್ಟಿದೆ. ಹೆಣ್ಣುಮಕ್ಕಳ ಉಡಿ ತುಂಬುವಾಗ ಇಡುವ ಖಣ ಈಗ ಹೆಚ್ಚಿನ ಕಡೆ ತೊಡುವ ಖಣ ಅಲ್ಲ. ಒಗೆದರೆ ಬಣ್ಣ ಬಿಡುವ, ಹೊಲಿದರೆ ಸಾಲದ ತುಂಡು. ಪ್ರೀತಿಯಿಂದ ಕರೆದು ಕೊಡುತ್ತಾರೆ, ನಾನೂ ಪ್ರೀತಿಯಿಂದ ತೆಗೆದುಕೊಂಡಿದ್ದೇನೆ. ಕಪಾಟಿನಲ್ಲಿ ಎಣಿಸಿದರೆ ನಲವತ್ತಮೂರು ತುಂಡು. ಅವು ಒಂದು ಉಡಿಯಿಂದ ಇನ್ನೊಂದು ಉಡಿಗೆ ಹೋಗುತ್ತಲೇ ಇರುತ್ತವೆ, ಯಾರ ಮೈಗೂ ಏರುವುದಿಲ್ಲ. ಖಣ ನೇಯುವವನ ಮಗಳಾಗಿ ನನಗೆ ಇದು ಸಂಕಟದ ವಿಷಯ. ಗುಳೇದಗುಡ್ಡದ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿವೆ, ಈ ಕಡೆ ಯಾರೂ ಹೊಲಿಸದ ಅರಿವೆ ಕಪಾಟು ತುಂಬುತ್ತಿದೆ. ಹತ್ತು ತುಂಡಿನ ದುಡ್ಡು ಸೇರಿಸಿ ಒಬ್ಬಳಿಗೆ ಒಂದು ನಿಜವಾದ ಖಣ ಕೊಟ್ಟರೆ ತೊಟ್ಟವಳಿಗೂ ಆಯಿತು, ನೇಯ್ದವನಿಗೂ ಆಯಿತು. ಯಾರೂ ಹೊಲಿಸದ ತುಂಡಿನ ಬದಲು ದಸರೆಯ ಬನ್ನಿ ನನಗೆ ಇಷ್ಟ. ಒಂದು ಎಲೆ ಕೈಗಿಟ್ಟು ಬಂಗಾರದಂಗ ಇರೂಣು ಎಂದರೆ ಮುಗಿಯಿತು. ದುಡ್ಡಿಲ್ಲದೆ ಕೊಡುವುದಾದರೆ ಹಾಗೆ ಪೂರಾ ಇಲ್ಲದೆ ಕೊಡಬೇಕು.

ಆಗಸ್ಟ್ 2019ರಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿ ನಮ್ಮ ಜಿಲ್ಲೆ ಮುಳುಗಿದಾಗ ಪರಿಹಾರ ಕೇಂದ್ರವೊಂದರಲ್ಲಿ ಒಂದು ವಾರ ಕೆಲಸ ಮಾಡಿದೆ. ಹಳೆಯ ಸೀರೆಗಳ ಗಂಟುಗಳು ಲಾರಿಯಲ್ಲಿ ಬಂದು ಬಿದ್ದಿದ್ದವು, ಮಳೆಗೆ ನೆನೆದು ಮುಗ್ಗಲು ವಾಸನೆ ಹಿಡಿದವು. ಅಲ್ಲಿ ಒಬ್ಬ ಅಜ್ಜ ಸೀರೆ, ಬಿಸ್ಕೀಟು ಯಾವುದನ್ನೂ ಕೇಳಲಿಲ್ಲ. "ನನ್ನ ಉತಾರಿ ನೀರಾಗ ಹೋತ್ರಿ, ರೇಶನ್ ಕಾರ್ಡೂ ಹೋತು" ಎಂದು ಒಂದೇ ಸಮನೆ ಹೇಳುತ್ತಿದ್ದ. ಪರಿಹಾರದ ದುಡ್ಡು ಸಿಗಬೇಕಾದರೆ ಕಾಗದ ಬೇಕು, ಕಾಗದವೇ ಹೋಗಿದೆ. ಅವನ ಮುಖ ನನಗೆ ನಾಲ್ಕು ವರ್ಷದ ಮೇಲೆ ಮತ್ತೆ ಕಂಡಿತು.

ಆ ನಾಲ್ಕನೆಯ ವರ್ಷದ ಡಿಸೆಂಬರಿನಲ್ಲಿ ನಮ್ಮ ಹೊಲದ ಬದುವಿನಲ್ಲಿದ್ದ ಗ್ಯಾಂಗಿನ ಒಬ್ಬ ಹೆಣ್ಣುಮಗಳನ್ನು ಕೇಳಿದೆ: ನಮ್ಮ ಹಬ್ಬ ಬಂತು, ನಿನಗೇನು ಬೇಕು ಹೇಳು. ಕಂಬಳಿ ಅನ್ನುತ್ತಾಳೆ, ದೀಪ ಅನ್ನುತ್ತಾಳೆ ಎಂದುಕೊಂಡಿದ್ದೆ. ಸೋಲಾರ್ ದೀಪದ ಬೆಲೆಯನ್ನೂ ವಿಚಾರಿಸಿ ಇಟ್ಟಿದ್ದೆ. ಆಕೆ ಗುಡಿಸಲಿನೊಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದು ಬಿಚ್ಚಿದಳು. ಒಳಗೆ ನಾಲ್ಕು ಆಧಾರ್ ಕಾರ್ಡು, ಒಂದು ಬ್ಯಾಂಕ್ ಪುಸ್ತಕ, ಮಗಳ ಜನನ ಪ್ರಮಾಣಪತ್ರ. ಪ್ರಮಾಣಪತ್ರದ ಒಂದು ಮೂಲೆಯನ್ನು ಇಲಿ ಕಡಿದಿತ್ತು, ಹೆಸರಿನ ಕೊನೆಯ ಅಕ್ಷರ ಇರಲಿಲ್ಲ. ಇನ್ನೊಂದು ಮಡಿಕೆಯಲ್ಲಿ ಇಬ್ಬನಿಗೆ ನೆನೆದು ಶಾಯಿ ಹರಡಿತ್ತು. "ಬೀಗ ಹಾಕೋ ಸಣ್ಣ ಟ್ರಂಕ್ ಬೇಕ್ರಿ ಅಕ್ಕಾರ" ಎಂದಳು. ಒಂದು ಕಾಗದ ಹೋದರೆ ಮತ್ತೆ ಮಾಡಿಸಲು ಎರಡು ದಿನದ ಕೂಲಿ, ಬಸ್ಸು, ಜೆರಾಕ್ಸು, ಅರ್ಜಿ ಬರೆಯುವವನಿಗೆ ಐವತ್ತು. ಎಲ್ಲವನ್ನೂ ಬೆರಳು ಮಡಚಿ ಎಣಿಸಿದಳು. ಆ ಗುಡಿಸಲಿನಲ್ಲಿ ಸೋರುತ್ತಿದ್ದದ್ದು ಎಲ್ಲಿ ಎಂದು ಆಕೆಗೆ ಗೊತ್ತಿತ್ತು. ನಾನು ಕೂತು ಎಷ್ಟು ಯೋಚಿಸಿದರೂ ಟ್ರಂಕು ಹೊಳೆಯುತ್ತಿರಲಿಲ್ಲ.

ಪೇಟೆಗೆ ಹೋಗಿ ತಂದೆ. ಹಸಿರು ಬಣ್ಣದ ತಗಡಿನ ಟ್ರಂಕು, ಎರಡು ಕೀಲಿ. ಒಂದು ಕೀಲಿ ಕಳೆದರೆ ಎಂದು ಎರಡನೆಯದನ್ನು ಆಕೆ ಕೊರಳಿನ ದಾರಕ್ಕೆ ಕಟ್ಟಿಕೊಂಡಳು. ಜೊತೆಗೆ ಒಂದು ಸಣ್ಣ ಕನ್ನಡಿ ಇಟ್ಟಿದ್ದೆ, ಹಿಂದೆ ಗುಲಾಬಿ ಹೂವಿನ ಚಿತ್ರ ಇದ್ದದ್ದು. ಅದು ಯಾವ ಖರ್ಚನ್ನೂ ಉಳಿಸುವುದಿಲ್ಲ. ಅವ್ವ ನೆನಪಾಗಿದ್ದಳು.

ಇಂಥ ಕೊಡುಗೆ ಚಿಕ್ಕದಾಯಿತು ಎಂದು ಅಳುಕುವವರಿಗೆ ನಮ್ಮ ಸಭೆಯ ಚರಿತ್ರೆಯಿಂದ ಒಂದು ಮಾತು ಹೇಳಬೇಕು. 1850ರ ದಶಕದಲ್ಲಿ ಬಾಸೆಲ್ ಮಿಶನ್ನಿನ ಕೈ ಬರಿದಾದಾಗ ಸ್ವಿಟ್ಜರ್‌ಲೆಂಡ್, ಜರ್ಮನಿಯ ಹಳ್ಳಿಗಳ ಸಾಮಾನ್ಯ ಜನ ವಾರಕ್ಕೆ ಅರ್ಧ ಬಾಟ್ಜೆನ್ ಎಂಬ ಚಿಲ್ಲರೆ ಕಾಸು ಕೂಡಿಸಿ ಕೊಡಲು ಶುರುಮಾಡಿದರು. ನಮ್ಮ ದೇಶದ ಶಾಲೆಗಳಿಗೆ, ಆಸ್ಪತ್ರೆಗಳಿಗೆ ಬಂದ ಹಣದಲ್ಲಿ ಆ ಚಿಲ್ಲರೆಯ ಪಾಲು ಇತ್ತು. ಕೊಟ್ಟ ಹೆಂಗಸರಿಗೆ ಗುಳೇದಗುಡ್ಡ ಎಲ್ಲಿದೆ ಎಂದೂ ಗೊತ್ತಿರಲಿಕ್ಕಿಲ್ಲ. ಮಾರ್ಕನ ಹನ್ನೆರಡನೆಯ ಅಧ್ಯಾಯದ ವಿಧವೆಯ ಎರಡು ಕಾಸು ದೇವಾಲಯದ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಬಿದ್ದವು, ನೋಡಬೇಕಾದವನು ನೋಡಿದ.

ನಮ್ಮ ನಮ್ಮೊಳಗೆ ಕೊಟ್ಟುಕೊಳ್ಳುವುದಕ್ಕೂ ಇದೇ ಮಾತು. ಮನೆಯಲ್ಲಿ ಬಿಲ್ಲು ಕಟ್ಟುವವರು ಇದ್ದರೆ 60 ವ್ಯಾಟಿನ ಹಳೆಯ ಬಲ್ಬು ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿಕೊಡಿ, ದಿನಕ್ಕೆ ಐದು ತಾಸು ಉರಿದರೂ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ. ಊರಿಗೆ ಹೊರಟ ಹುಡುಗನಿಗೆ ಗಟ್ಟಿ ಸ್ಟೀಲಿನ ಡಬ್ಬಿ ಕೊಡಿ. ಹೊಲಿಯಲು ಬಲ್ಲವಳಿಗೆ ಕೆಟ್ಟು ನಿಂತ ಮಶೀನು ರಿಪೇರಿ ಮಾಡಿಸಿಕೊಡಿ, ಹೊಸದಕ್ಕಿಂತ ಅದು ದೊಡ್ಡ ಉಡುಗೊರೆ. ಆದರೆ ಮೊದಲು ಕೇಳಿ. ಕೊಟ್ಟ ಮೇಲೆ ಬಳಸುತ್ತೀಯಾ ಇಲ್ಲವಾ ಎಂದು ಪರೀಕ್ಷೆ ಮಾಡಲು ಹೋಗಬೇಡಿ. ಉಡುಗೊರೆಯ ಜೊತೆ ಬುದ್ಧಿವಾದ ಕಟ್ಟಿ ಕೊಡಬೇಡಿ.

ಮಗಳಿಗೆ ಮೊನ್ನೆ ನಾನೇ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳ ಹಾಸಿಗೆಯ ಮೇಲಿರುವ ಕೌದಿಯಲ್ಲಿ, ಬಲಗಡೆಯ ಮೂಲೆಯಿಂದ ಮೂರನೆಯ ಸಾಲಿನಲ್ಲಿ, ಸಣ್ಣ ತೇರುಗಳಿರುವ ಕೆಂಪು ಅಂಚಿನ ತುಂಡು ಇದೆ, ನೋಡು ಅಂದೆ. ಮೊಣಕೈ ಹರಿಯುವವರೆಗೆ ತೊಟ್ಟ ಆ ಕುಪ್ಪಸವನ್ನು ಅವ್ವ ಕೊನೆಗೆ ಆ ಕೌದಿಗೆ ಸೇರಿಸಿ ಹೊಲಿದಿದ್ದಳು. ಮಗಳು ಅದರ ಮೇಲೆ ಇಷ್ಟು ವರ್ಷ ಮಲಗಿದ್ದಾಳೆ, ಕತೆ ಗೊತ್ತಿರಲಿಲ್ಲ. ಇಪ್ಪತ್ನಾಲ್ಕಕ್ಕೆ ಬರುತ್ತಾಳೆ, ರಬ್ಬರು ಎರಡು ತರುತ್ತಾಳಂತೆ.

ಈ ಹಂಗಾಮಿಗೂ ಆ ಗ್ಯಾಂಗು ಬಂದಿದೆ. ಟ್ರಂಕಿನ ಬಣ್ಣ ಅಲ್ಲಲ್ಲಿ ಎದ್ದಿದೆ, ಬೀಗ ಗಟ್ಟಿಯಾಗಿದೆ. ಜನನ ಪ್ರಮಾಣಪತ್ರ ಹೊಸದಾಗಿ ಮಾಡಿಸಿದ್ದು ಒಳಗೆ ಒಣಗಿಯೇ ಇತ್ತು, ಪೂರ್ತಿ ಹೆಸರಿನ ಸಮೇತ. ಅದನ್ನು ತೋರಿಸಿ ಆಕೆಯ ಹಿರಿಯ ಮಗಳನ್ನು ನಮ್ಮೂರ ಶಾಲೆಗೆ ಹಚ್ಚಿದ್ದೇವೆ. ಡಿಸೆಂಬರಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿದೆ.